ನಲವತ್ತೊಂದನೇ ಕ್ಯಾರಿಯರ್‌ನ ಬೆಲ್ಲ

ಮಧ್ಯಾಹ್ನ ಮೂರು ಗಂಟೆಗೆ ಸೀನುವಿನ ಗಾಡಿ ಹಿಂದಿನ ಗೇಟಿಗೆ ಬಂದು ನಿಂತಿತೆಂದರೆ ಗೌರಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನಲ್ಲಿಯ ಪಕ್ಕದ ಕಲ್ಲುಕಟ್ಟೆಯ ಮುಂದೆ ನಿಲ್ಲುತ್ತಿದ್ದಳು. ಎಂಬತ್ತನಾಲ್ಕು ಮನೆಗಳಿಂದ ಎಂಬತ್ತನಾಲ್ಕು ಕ್ಯಾರಿಯರ್ ವಾಪಸ್ ಬರಬೇಕು. ಒಂದೊಂದರ ಹಿಡಿಯ ಮೇಲೂ ಕೆಂಪು ಬಣ್ಣದಲ್ಲಿ ನಂಬರು. ಬನಶಂಕರಿ ಎರಡನೇ ಹಂತದ ಈ ಅಡುಗೆಮನೆಯಿಂದ ಹೋಗುತ್ತಿದ್ದುದು ಬಾಣಂತಿ ಊಟ ಮಾತ್ರ. ಮೆಣಸಿನ ಸಾರು, ಸಬ್ಬಸಿಗೆ ಸೊಪ್ಪಿನ ಪಲ್ಯ, ಹೀರೇಕಾಯಿ ತೊವ್ವೆ, ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿ, ವಾರಕ್ಕೆರಡು ಸಲ ಅಂಟಿನ ಉಂಡೆ. ಹೆರಿಗೆಯಾದ ಮನೆಯಲ್ಲಿ ಒಲೆ ಮುಂದೆ ನಿಲ್ಲುವ ಹಿರಿಯರಿಲ್ಲದಿದ್ದರೆ ಜಯನಗರ, ಜೆ.ಪಿ. ನಗರದ ಕಡೆಯವರೆಲ್ಲ ಇಲ್ಲಿಗೆ ಫೋನ್ ಮಾಡುತ್ತಿದ್ದರು.

ಗೌರಮ್ಮ ಪಾತ್ರೆ ತೊಳೆಯುವ ನಾಲ್ಕು ಹೆಂಗಸರಿಗೆ ಹಿರಿಯಳು. ತಲಘಟ್ಟಪುರದಲ್ಲಿ ಅವಳಿಗೆ ಮೂರು ಬಾಡಿಗೆ ಮನೆಗಳಿದ್ದವು. ಹೊಲವಿದ್ದ ಜಾಗದಲ್ಲಿ ಲೇಔಟ್ ಎದ್ದಾಗ ಮಿಕ್ಕ ಜಾಗದಲ್ಲಿ ಕಟ್ಟಿಸಿದ್ದು. ಮಗ ಶಿವರಾಮ್, "ಸುಮ್ನೆ ಮನೇಲಿ ಕೂತ್ಕೋಬಾರ್ದಾ, ಯಾರ ಮನೆ ಮುಸುರೆನೋ ತಿಕ್ಕೋಕೆ ಮೆಟ್ರೋ ಹತ್ಕೊಂಡು ಹೋಗ್ತೀಯಲ್ಲ" ಎಂದು ರೇಗುತ್ತಿದ್ದ. "ಕೂತ್ರೆ ಮಂಡಿ ತುಕ್ಕು ಹಿಡೀತದೆ ಕಣೋ" ಎಂದು ಅವಳು ಕಾರ್ಡು ಹುಡುಕಿಕೊಂಡು ಹೊರಡುತ್ತಿದ್ದಳು. ನಿಜ ಬೇರೆಯೇ ಇತ್ತು. ಅವಳಿಗೆ ಕ್ಯಾರಿಯರ್ ಬಿಚ್ಚುವುದೆಂದರೆ ಒಂದು ಮನೆಯ ಬಾಗಿಲು ತೆಗೆದು ಒಳಗೆ ಇಣುಕಿದ ಹಾಗೆ. ಹನ್ನೆರಡನೇ ನಂಬರಿನ ಹುಡುಗಿ ಬೆಳ್ಳುಳ್ಳಿಯನ್ನೆಲ್ಲ ಆರಿಸಿ ಡಬ್ಬಿಯ ಅಂಚಿಗೆ ಸಾಲಾಗಿ ನಿಲ್ಲಿಸಿರುತ್ತಿದ್ದಳು. ಮೂವತ್ತನೇ ನಂಬರಿನ ಡಬ್ಬಿಯಲ್ಲಿ ಮಾವಿನ ಉಪ್ಪಿನಕಾಯಿಯ ಕೆಂಪು ಎಣ್ಣೆ. ಬಾಣಂತಿಗೆ ಉಪ್ಪಿನಕಾಯಿ ಎಲ್ಲಿಂದ ಬರಬೇಕು? ಊಟ ಗಂಡನ ಹೊಟ್ಟೆ ಸೇರುತ್ತಿದೆ ಎಂದು ಅದರಲ್ಲೇ ಗೊತ್ತಾಗುತ್ತಿತ್ತು.

ಮೊದಲೆಲ್ಲ ಇಂಥದ್ದು ಕಂಡರೆ ಗೌರಮ್ಮ ಅಡುಗೆಕೋಣೆಯ ಕಿಟಕಿಗೆ ಮುಖ ಕೊಟ್ಟು ಕೂಗುತ್ತಿದ್ದಳು. "ಭಟ್ರೇ, ಹನ್ನೆರಡಕ್ಕೆ ಬೆಳ್ಳುಳ್ಳಿ ಜಜ್ಜಿ ಹಾಕಿ, ಇಡೀದು ತಿನ್ನಕ್ಕಿಲ್ಲ ಅವ್ಳು!" ಒಳಗಿನಿಂದ ಅಡುಗೆಯ ವೆಂಕಟಾಚಲ, "ನಾನೇ ತಿನ್ನಲ್ಲ, ಅವಳೇನು ತಿಂತಾಳೆ! ಇದರ ವಾಸನೆಗೆ ನನ್ನ ಹೆಂಡ್ತಿ ನನ್ನ ಹಾಸಿಗೆ ವರಾಂಡಕ್ಕೆ ಹಾಕಿದಾಳೆ" ಎಂದು ಉತ್ತರ ಕೊಡುತ್ತಿದ್ದ. ಮಾರನೆಯ ದಿನ ಬೆಳ್ಳುಳ್ಳಿ ಜಜ್ಜಿ ಹೋಗುತ್ತಿತ್ತು. ಅಷ್ಟೇ ವ್ಯವಸ್ಥೆ.

ಎರಡು ತಿಂಗಳ ಹಿಂದೆ ಕಿಟಕಿ ಮುಚ್ಚಿತು. ಕಿಟಕಿ ಇದ್ದ ಕಡೆ ಪ್ಯಾಕಿಂಗಿನ ಕಪಾಟು ಬಂತು, ಕಟ್ಟೆಯ ಮೇಲಿನ ಗೋಡೆಗೆ ಪ್ಲಾಸ್ಟಿಕ್ ಹೊದಿಸಿದ ಒಂದು ಟ್ಯಾಬ್ ಬಂತು. ತಂದವಳು ಪ್ರಕೃತಿ. ಇಪ್ಪತ್ತಾರರ ಹುಡುಗಿ, ದೊಡ್ಡ ಕಂಪನಿಯೊಂದನ್ನು ಬಿಟ್ಟು, ಮಾಲೀಕರಾದ ಕಾತ್ಯಾಯಿನಿ ಮೇಡಂ ಜೊತೆ ಸೇರಿದ್ದಳು. ಆರ್ಡರು, ಗಾಡಿ, ಅಡುಗೆಯ ಅಳತೆ ಎಲ್ಲವೂ ಈಗ ಅವಳ ಕಂಪ್ಯೂಟರಿನೊಳಗೆ. ಟ್ಯಾಬಿನಲ್ಲಿ ಕ್ಯಾರಿಯರ್ ನಂಬರು ಒತ್ತಿದರೆ ಒಂದೇ ಪ್ರಶ್ನೆ ಬರುತ್ತಿತ್ತು: ಡಬ್ಬಿ ಖಾಲಿ ಇದೆಯೇ? ಹೌದು ಅಥವಾ ಇಲ್ಲ.

"ಇದು ಯಾಕವ್ವಾ?" ಎಂದು ಗೌರಮ್ಮ ಮೊದಲ ದಿನವೇ ಕೇಳಿದ್ದಳು.

"ಸಿಸ್ಟಮ್‌ಗೆ ಆಂಟಿ. ಒತ್ತಿದ್ರೆ ಸಾಕು, ಮಿಕ್ಕಿದ್ದು ಅದೇ ನೋಡ್ಕೊಳುತ್ತೆ" ಎಂದು ಪ್ರಕೃತಿ ನಕ್ಕು, ಫೋನ್ ಹೊಡೆದುಕೊಂಡಿತೆಂದು ಒಳಗೆ ಓಡಿದ್ದಳು.

ಗೌರಮ್ಮ ನಿಯತ್ತಿನ ಹೆಂಗಸು. ಕೇಳಿದ್ದಕ್ಕೆ ನಿಜ ಹೇಳುವುದು ಅವಳ ಅಭ್ಯಾಸ. ನಲವತ್ತೊಂದನೇ ಕ್ಯಾರಿಯರ್ ಬಂದಾಗಲೆಲ್ಲ ಅವಳು 'ಇಲ್ಲ' ಒತ್ತುತ್ತಿದ್ದಳು. ಅದು ದಿನವೂ ತೊಳೆದು ಒರೆಸಿಕೊಂಡೇ ಬರುತ್ತಿತ್ತು. ಆದರೆ ಮೇಲಿನ ಡಬ್ಬಿಯಲ್ಲಿ ಅಡಿಕೆಯಷ್ಟು ಗಾತ್ರದ ಒಂದು ಅಚ್ಚುಬೆಲ್ಲದ ತುಂಡು ಇದ್ದೇ ಇರುತ್ತಿತ್ತು. ಪರರ ಮನೆಯಿಂದ ಬಂದ ಪಾತ್ರೆಯನ್ನು ಬರಿದಾಗಿ ಕಳಿಸಬಾರದೆಂದು ತಿಳಿದ ಮನೆ. ಬೆಲ್ಲ ಕೂತಿರುವ ಡಬ್ಬಿಯನ್ನು ಖಾಲಿ ಎನ್ನುವುದು ಹೇಗೆ? ಸುಳ್ಳೂ ಆಯಿತು, ಅಪಶಕುನವೂ ಆಯಿತು. ಗೌರಮ್ಮ 'ಇಲ್ಲ' ಒತ್ತಿ, ಬೆಲ್ಲವನ್ನು ನಾಲ್ಕು ಚೂರು ಮಾಡಿ ಹೆಂಗಸರಿಗೆ ಹಂಚಿ, ತನ್ನ ಚೂರನ್ನು ದವಡೆಗೆ ಇಟ್ಟುಕೊಂಡು ತಿಕ್ಕಲು ಕೂರುತ್ತಿದ್ದಳು.

ಒಂದು ಗುರುವಾರ ನಲವತ್ತೊಂದು ತೊಳೆಯದೆ ಬಂತು. ಬೆಲ್ಲ ಮಾತ್ರ ಇತ್ತು, ಒಂದು ಚೂರು ಕಾಗದದಲ್ಲಿ ಸುತ್ತಿ. ಮಗು ಹಟ ಮಾಡಿರಬೇಕು, ಪುರುಸೊತ್ತು ಸಿಕ್ಕಿಲ್ಲ ಎಂದುಕೊಂಡು ಗೌರಮ್ಮ ಕೆಳಗಿನ ಡಬ್ಬಿಗೆ ಕೈ ಹಾಕಿದಳು. ಹಾಕಿದ ಕೈ ನಿಂತಿತು. ಡಬ್ಬಿಯ ಒಳಗೋಡೆಯ ಮೇಲೆ ತಳದಿಂದ ಅಂಚಿನವರೆಗೆ ನಾಲ್ಕು ಬೆರಳಿನ ಗೆರೆಗಳು. ತುಪ್ಪದ ಪಸೆಯನ್ನೂ ಬಿಡದೆ ಬಳಿದು ತಿಂದಿದ್ದರು. ಪಲ್ಯದ ಡಬ್ಬಿಯಲ್ಲಿ ಒಂದು ಕರಿಬೇವಿನ ಎಲೆಯೂ ಇರಲಿಲ್ಲ. ರುಚಿಗೆ ಯಾರೂ ಹೀಗೆ ಬಳಿಯುವುದಿಲ್ಲ. ಐವತ್ತಾರು ವರ್ಷ ಬದುಕಿದವಳಿಗೆ ಈ ಗೆರೆ ಓದಲು ಶಾಲೆ ಬೇಕಿರಲಿಲ್ಲ.

ತೊಳೆದೇ ಬರುವ ಕ್ಯಾರಿಯರ್ ಎಂದು ಇಷ್ಟು ದಿನ ಎಣಿಸದೆ ಬಿಟ್ಟಿದ್ದ ಇನ್ನೊಂದು ಆಮೇಲೆ ಕಂಡಿತು. ನಲವತ್ತೊಂದು ನಾಲ್ಕು ಡಬ್ಬಿಯ ಕ್ಯಾರಿಯರ್. ಈಗ ಕಂಬಿಯಲ್ಲಿ ಮೂರೇ ಡಬ್ಬಿ.

"ಸೀನಾ, ನಲವತ್ತೊಂದರ ಡಬ್ಬಿ ಎಲ್ಲಿ ಬೀಳಿಸ್ಕೊಂಡ್ಯೋ?"

ಸೀನು ಗಾಡಿಯ ಸೀಟಿನ ಮೇಲೆ ಕೂತು ಬನ್ ತಿನ್ನುತ್ತಿದ್ದ. "ನಾನ್ಯಾಕೆ ಬೀಳಿಸ್ಲಿ ಗೌರಕ್ಕ? ವಾರದಿಂದ ಅದು ಮೂರೇ. ಒಳಗಿಂದ ಹಾಗೇ ಕೊಡ್ತಾರೆ. ಎತ್ತಿದ್ರೇ ಗೊತ್ತಾಗುತ್ತೆ, ಹಗುರ."

ಗೌರಮ್ಮ ಒದ್ದೆ ಕೈಯಲ್ಲೇ ಅಡುಗೆಕೋಣೆಗೆ ನಡೆದಳು. ವೆಂಕಟಾಚಲ ರಾತ್ರಿ ಊಟಕ್ಕೆ ಸಾರಿನ ಪುಡಿ ಅಳೆಯುತ್ತಿದ್ದ.

"ಭಟ್ರೇ, ನಲವತ್ತೊಂದಕ್ಕೆ ಊಟ ಯಾಕೆ ಕಮ್ಮಿ ಮಾಡಿದ್ರಿ?"

"ನಾನೇನು ಮಾಡ್ದೆ? ಸ್ಕ್ರೀನ್ ಹೇಳುತ್ತೆ, ನಾನು ಹಾಕ್ತೀನಿ." ಅವನು ಸೌಟಿನ ತುದಿಯಿಂದ ಗೋಡೆಯ ಪರದೆ ತೋರಿಸಿದ. "ನೋಡಿ, ನಲವತ್ತೊಂದು, ಅರ್ಧ. ಮೊದಲು ಮುಕ್ಕಾಲು ಅಂತ ಬಂತು, ಆಮೇಲೆ ಅರ್ಧ. ಮೂರು ದಿನ ಒಂದೇ ಸಮ ಊಟ ಉಳಿಸಿದ್ರೆ ಅದೇ ಒಂದು ಸೌಟು ಇಳಿಸುತ್ತಂತೆ. ಬಾಣಂತಿ ಊಟ ಚರಂಡಿ ಪಾಲಾಗೋದು ನೋಡಿ ಮೇಡಂ ಬೇಜಾರ್ ಮಾಡ್ಕೊಂಡಿದ್ರಲ್ಲ, ಅದಕ್ಕೆ."

"ಊಟ ಉಳಿಸ್ತಾಳೆ ಅಂತ ಯಾರು ಹೇಳಿದ್ದು?"

ವೆಂಕಟಾಚಲ ಅವಳನ್ನು ವಿಚಿತ್ರವಾಗಿ ನೋಡಿದ. "ನೀವೇ ಅಲ್ವೇ ಗೌರಮ್ಮೋರೆ? ದಿನಾ ಒತ್ತೋರು ನೀವು."

ಗೌರಮ್ಮ ತನ್ನ ಬಲಗೈ ತೋರುಬೆರಳನ್ನು ನೋಡಿಕೊಂಡಳು. ಸೋಪಿನ ನೀರಿಗೆ ನೆನೆದು ಬಿಳಿಚಿತ್ತು.

ಅವಳಿಗೆ ಎಲ್ಲವೂ ಒಟ್ಟಿಗೆ ಹೊಳೆಯಿತು. ಆ ಹುಡುಗಿ ಬೆಲ್ಲ ಇಟ್ಟಳು, ತಾನು 'ಇಲ್ಲ' ಎಂದೆ, ಊಟ ಇಳಿಯಿತು. ಇಳಿದ ಊಟಕ್ಕೂ ಅವಳು ಬೆಲ್ಲ ಇಟ್ಟಳು, ಇನ್ನೂ ಇಳಿಯಿತು. ಹಾಲೂಡುವ ಹೆಂಗಸಿನ ತಟ್ಟೆಯಿಂದ ಅನ್ನ ತೆಗೆದದ್ದು ಈ ಬೆರಳು.

"ಭಟ್ರೇ, ಇವತ್ತು ನಲವತ್ತೊಂದಕ್ಕೆ ನಾಲ್ಕು ಡಬ್ಬಿ ತುಂಬಿ. ಒತ್ತಿ ತುಂಬಿ. ನಾನೇ ತಗೊಂಡ್ ಹೋಗ್ತೀನಿ."

"ಸ್ಕ್ರೀನ್ ಅರ್ಧ ಅನ್ನುತ್ತೆ."

"ಸ್ಕ್ರೀನ್‌ಗೆ ನಾನು ಹೇಳ್ಕೋತೀನಿ."

ಅವಳ ದನಿಯಲ್ಲಿ ಏನಿತ್ತೋ, ವೆಂಕಟಾಚಲ ಡಬ್ಬಿಗಳನ್ನು ಸಾಲಾಗಿಟ್ಟು ತುಂಬಿದ. ನಾಲ್ಕರ ಜೊತೆಗೆ ಐದನೆಯ ಡಬ್ಬಿಯೊಂದನ್ನು ಹುಡುಕಿ ತಂದು ಅಂಟಿನ ಉಂಡೆ ತುಂಬಿದ. ಅಂದು ಉಂಡೆಯ ದಿನವಾಗಿರಲಿಲ್ಲ.

ಸಂಜೆ ಆರೂವರೆಗೆ ಸೀನುವಿನ ಗಾಡಿ ಶ್ರೀನಗರದ ಒಂದು ಇಕ್ಕಟ್ಟು ರಸ್ತೆಯಲ್ಲಿ ನಿಂತಿತು. ಮಹಡಿಗೆ ಕಡಿದಾದ ಮೆಟ್ಟಿಲು. ಅರ್ಧ ಹತ್ತುವಷ್ಟರಲ್ಲೇ ಮಗುವಿನ ಅಳು ಕೇಳಿಸಿತು. ಹಸಿವಿನ ಅಳು ಬೇರೆ, ಹೊಟ್ಟೆನೋವಿನ ಅಳು ಬೇರೆ; ಇದು ಹಸಿವಿನದು. ಗೌರಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಬಾಗಿಲು ತಟ್ಟಿದಳು.

ಬಾಗಿಲು ತೆಗೆದವಳು ಕಿವಿಗೆ ಹತ್ತಿ ಇಟ್ಟು ತಲೆಗೆ ಸ್ಕಾರ್ಫ್ ಕಟ್ಟಿದ್ದ ತೆಳ್ಳಗಿನ ಹುಡುಗಿ, ಶುಭಾ. ಭುಜದ ಮೇಲೆ ಮಗು ಮುಖವನ್ನು ಉಜ್ಜುತ್ತ ಅಳುತ್ತಿತ್ತು. "ಸೀನಣ್ಣ ಬರ್ಲಿಲ್ವಾ? ನೀವು ಯಾರು ಆಂಟಿ?"

"ನಿನ್ನ ಕ್ಯಾರಿಯರ್ ತೊಳೆಯೋಳು ಕಣವ್ವ. ಗೌರಮ್ಮ ಅಂತ. ಕೈ ತೊಳ್ಕೊಂಡು ಮಗಾನ ಇಸ್ಕೊಳ್ಳಾ?"

ಹೆಣ್ಣು ಮಗು. ಮೂವತ್ತೆಂಟು ದಿನದ್ದಂತೆ. ಗೌರಮ್ಮ ತೊಡೆಯ ಮೇಲೆ ಮಲಗಿಸಿಕೊಂಡು ಕಾಲು ನೀವಿದಳು. ಮಗುವಿನ ತೊಡೆಯಲ್ಲಿ ಇಷ್ಟು ಹೊತ್ತಿಗೆ ಮೈ ತುಂಬಿ ಬೀಳಬೇಕಿದ್ದ ಮಡಿಕೆ ಬಿದ್ದಿರಲಿಲ್ಲ. ಅವಳು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೊಸ ತಾಯಿಯ ಎದುರು ಹೇಳಬಾರದ ಮಾತುಗಳ ಪಟ್ಟಿಯಲ್ಲಿ ಅದು ಮೊದಲನೆಯದು.

"ನೀನು ಊಟ ಮಾಡು. ಬಿಸಿ ಐತೆ. ನಾನು ಇವಳ್ನ ಎತ್ಕೊಂಡಿರ್ತೀನಿ."

ಶುಭಾ ಕ್ಯಾರಿಯರ್ ಬಿಚ್ಚಿದಳು. ಒಂದು, ಎರಡು, ಮೂರು, ನಾಲ್ಕು, ಐದು. ಡಬ್ಬಿಗಳನ್ನು ನೋಡುತ್ತ ನಿಂತುಬಿಟ್ಟಳು. "ಇದು ನನ್ನದಲ್ಲ ಅನ್ಸುತ್ತೆ ಆಂಟಿ. ಬೇರೆಯವರದ್ದು ಬಂದಿದೆ."

"ನಿಂದೇ. ಉಣ್ಣು."

ಅವಳು ತಿನ್ನತೊಡಗಿದಳು. ಮೊದಲು ಸಂಕೋಚ, ಆಮೇಲೆ ಸಂಕೋಚವೆಲ್ಲ ಹೋಗಿ ದೊಡ್ಡ ದೊಡ್ಡ ತುತ್ತು. ಎರಡನೇ ಸಲ ಅನ್ನ ಹಾಕಿಕೊಂಡ ಮೇಲೆ ಗೌರಮ್ಮ ಮೆಲ್ಲಗೆ ಕೇಳಿದಳು, "ನಾವು ಕಳಿಸ್ತಿದ್ದ ಊಟ ಹೊಟ್ಟೆಗೆ ಸಾಕಾಗ್ತಿತ್ತಾ ಮಗಳೆ?"

"ಊಟ ತುಂಬಾ ಚೆನ್ನಾಗಿರುತ್ತೆ ಆಂಟಿ. ದಿನಾ ಫೋನಲ್ಲಿ ಐದು ಸ್ಟಾರ್ ಕೊಡ್ತೀನಿ."

"ರುಚಿ ಕೇಳಲಿಲ್ಲ. ಹೊಟ್ಟೆ ಕೇಳ್ದೆ."

ಶುಭಾ ತಟ್ಟೆಯ ಮೇಲೆ ಬೆರಳಾಡಿಸಿದಳು. "ಮೊದ್ಲು ಸಾಕಾಗ್ತಿತ್ತು. ಆಮೇಲೆ ಕಮ್ಮಿ ಆಗ್ತಾ ಬಂತು. ದಿನ ಕಳೆದ ಹಾಗೆ ಬಾಣಂತಿಗೆ ಊಟ ಇಳಿಸೋದು ಪದ್ಧತಿ ಏನೋ ಅಂದ್ಕೊಂಡೆ. ಅಮ್ಮ ಹೋಗಿ ನಾಲ್ಕು ವರ್ಷ ಆಯ್ತು. ಅತ್ತೆ ಹನ್ನೆರಡು ದಿನ ಇದ್ರು, ಅವರಿಗೆ ಮಂಡಿ ನೋವು. ನಮ್ಮನೆಯವ್ರು, ರೇವಂತ್, ಬರೋದು ಎಂಟೂವರೆಗೆ, ಅವರಿಗೇನು ಗೊತ್ತಿರುತ್ತೆ? ನೀವೆಲ್ಲ ತಿಳಿದವರು, ಲೆಕ್ಕ ಹಾಕೇ ಕಳಿಸ್ತಿರ್ತೀರ ಅಂತ... ಹಸಿವಾದ್ರೆ ಬಿಸ್ಕೆಟ್ ತಿಂತಿದ್ದೆ. ಹೋದ ವಾರ ಡಾಕ್ಟ್ರು ಮಗು ತೂಕ ಏರಿಲ್ಲ ಅಂದ್ರು. ಹುಟ್ಟಿದಾಗ ಎರಡು ಕೆ.ಜಿ. ಎಂಟುನೂರು, ಈಗ ಮೂರೂ ದಾಟಿಲ್ಲ. ನನ್ನಲ್ಲೇ ಏನೋ ಕೊರತೆ ಇದೆ ಅಂತ ಎರಡು ದಿನ ಅಳ್ತಾನೇ ಇದ್ದೆ."

ಗೌರಮ್ಮ ಮಗುವಿನ ಕಾಲ ಮೇಲೆ ಬಟ್ಟೆ ಎಳೆದಳು. ಅಳುವುದಕ್ಕೆ ಅವಳು ಬಂದಿರಲಿಲ್ಲ. "ನಿನ್ನಲ್ಲಿ ಏನೂ ಕೊರತೆ ಇಲ್ಲ" ಎಂದಳು. "ತಪ್ಪು ನಮ್ಮದು. ನೀನು ಡಬ್ಬೀಲಿ ಬೆಲ್ಲ ಇಡ್ತೀಯಲ್ಲ, ನಾನು ಅದನ್ನ ನೋಡಿ ಡಬ್ಬಿ ಖಾಲಿ ಇಲ್ಲ ಅಂತ ಒತ್ತುತಿದ್ದೆ. ಒಳಗಡೆ ಅದನ್ನ, ನೀನು ಊಟ ಬಿಟ್ಟಿದೀಯ ಅಂತ ತಿಳ್ಕೊಂಡ್ರು. ನಿನ್ನ ಊಟ ಕಮ್ಮಿ ಮಾಡಿದ್ದು ಈ ಬೆರಳು ಕಣವ್ವ. ಬೇಕಾದ್ರೆ ಒಂದೇಟು ಹೊಡಿ."

ಶುಭಾ ಆ ಬೆರಳನ್ನು ನೋಡಿದಳು. ಅದರ ತುದಿಯನ್ನು ಮಗು ಹಿಡಿದುಕೊಂಡಿತ್ತು. ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. "ಅಮ್ಮ ಹೇಳ್ತಿದ್ರು, ತವರಿಂದ ಬಂದ ಪಾತ್ರೆ ಬರಿದು ಕಳಿಸಬಾರ್ದು ಅಂತ. ನಂಗೆ ಈಗ ತವರು ಅಂತ ಬರೋದು ಈ ಕ್ಯಾರಿಯರ್ ಒಂದೇ ಅಲ್ವಾ ಆಂಟಿ."

ಗೌರಮ್ಮ ಅವಳ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಇನ್ನೊಂದು ಸೌಟು ಅನ್ನ ಹಾಕಿದಳು.

ಮಾರನೆಯ ಬೆಳಿಗ್ಗೆ ಪ್ರಕೃತಿ ತನ್ನ ಮೇಜಿಗೆ ಬರುವ ಮೊದಲೇ ಗೌರಮ್ಮ ಅಲ್ಲಿ ನಿಂತಿದ್ದಳು.

"ನಿನ್ನ ಡಬ್ಬಿ ತೆಗಿಯಮ್ಮ" ಎಂದು ಲ್ಯಾಪ್‌ಟಾಪ್ ತೋರಿಸಿದಳು. "ಯಾರ್‍ಯಾರಿಗೆ ಊಟ ಇಳಿಸಿದೀಯೋ ಆ ನಂಬರು ನೋಡ್ಕೋ. ನಾನು ನೋಡ್ದೆ ಹೇಳ್ತೀನಿ. ಏಳು, ಹದಿನಾರು: ಸಕ್ಕರೆ ಇಡ್ತಾರೆ. ಇಪ್ಪತ್ತೆರಡು: ಬಾಳೆಹಣ್ಣು. ಮೂವತ್ತೈದು: ನಾಲ್ಕು ಕಾಳು ಅಕ್ಕಿ. ನಲವತ್ತೊಂದು: ಬೆಲ್ಲ. ಐವತ್ತೆಂಟು: ಮನೆ ಮಲ್ಲಿಗೆ ಹೂವು. ಅರವತ್ತಮೂರು, ಎಪ್ಪತ್ತು: ಸಕ್ಕರೆ. ಹನ್ನೆರಡು ಒಬ್ಬಳೇ ನಿಜವಾಗ್ಲೂ ಬಿಡೋಳು, ಅದೂ ಬೆಳ್ಳುಳ್ಳಿ. ಸರಿ ಐತಾ?"

ಪ್ರಕೃತಿಯ ಬೆರಳು ಪರದೆಯ ಮೇಲೆ ಒಂದೊಂದೇ ಸಾಲು ಇಳಿಯಿತು. ಒಂಬತ್ತು ನಂಬರು. ಒಂಬತ್ತೂ ಸರಿ.

"ಆಂಟಿ, ಇವರೆಲ್ಲ... ಊಟ ಉಳಿಸ್ತಿರ್ಲಿಲ್ವಾ?"

"ಪೂರ್ತಿ ಉಂಡು, ಮರ್ಯಾದೆಗೆ ಏನಾದ್ರೂ ಇಟ್ಟು ಕಳಿಸ್ತಿದ್ರು."

ಪ್ರಕೃತಿ ಕುರ್ಚಿಯ ತುದಿಗೆ ಕೂತಳು. ಹೋದ ತಿಂಗಳಷ್ಟೇ ಅವಳು ಕಾತ್ಯಾಯಿನಿ ಮೇಡಂಗೆ ಗ್ರಾಫಿನಲ್ಲಿ ಇಳಿಯುವ ಗೆರೆಯೊಂದನ್ನು ತೋರಿಸಿ, ಚೆಲ್ಲುವ ಊಟ ಕಡಿಮೆಯಾಗಿದೆ ಎಂದಿದ್ದಳು. ಮೇಡಂ ಎಲ್ಲರನ್ನೂ ಕರೆದು ಚಪ್ಪಾಳೆ ಹೊಡೆಸಿದ್ದರು. ಈಗ ಆ ಗೆರೆಯೊಳಗೆ ಒಂಬತ್ತು ಬಾಣಂತಿಯರ ಹಸಿವಿತ್ತು. "ನಾನು ಒಂದು ಸಲವಾದ್ರೂ ಇಲ್ಲಿ ಬಂದು ನೋಡ್ಬೇಕಿತ್ತು" ಎಂದಳು. ಕಣ್ಣು ತುಂಬಿತು.

ಗೌರಮ್ಮನಿಗೆ ಬೈಯಬೇಕೆಂದಿತ್ತು. ಮೆಟ್ರೋದಲ್ಲಿ ಬರುವಾಗ ಬೈಗಳನ್ನು ಜೋಡಿಸಿಕೊಂಡೇ ಬಂದಿದ್ದಳು. ಆದರೆ ಎದುರಿಗಿದ್ದದ್ದು ಶುಭಾಳದೇ ವಯಸ್ಸಿನ ಇನ್ನೊಂದು ಮುಖ. ಮೇಲಾಗಿ ಬೆರಳಂತೂ ತನ್ನದೇ. "ನೀನು ಬಂದು ನೋಡ್ಲಿಲ್ಲ, ನಾನು ಎರಡನೇ ಸಲ ಕೇಳ್ಲಿಲ್ಲ. ಅತ್ತಿದ್ದು ಸಾಕು. ಮೊದಲು ಒಂಬತ್ತು ಮನೆಗೂ ಊಟ ಸರಿ ಮಾಡು. ಆಮೇಲೆ ಒಂದು ಕಾಗದ ತಗೊಂಡು ಕಟ್ಟೆ ಹತ್ರ ಬಾ."

ಊಟ ಸರಿಮಾಡಲು ಪ್ರಕೃತಿಗೆ ಐದು ನಿಮಿಷ ಹಿಡಿಯಿತು. ಒಂಬತ್ತು ಮನೆಗೆ ಫೋನ್ ಮಾಡಿ ತಪ್ಪಾಯಿತೆಂದು ಹೇಳಲು ಮಧ್ಯಾಹ್ನದವರೆಗೆ ಹಿಡಿಯಿತು. ಒಬ್ಬರೂ ರೇಗಲಿಲ್ಲ. ಏಳನೇ ನಂಬರಿನವಳಂತೂ, "ನಾನೇ ಜಾಸ್ತಿ ತಿಂತಿದೀನೇನೋ ಅಂದ್ಕೊಂಡಿದ್ದೆ" ಎಂದಳಂತೆ. ರೇಗಿದ್ದರೆ ಒಳ್ಳೆಯದಿತ್ತು ಎಂದು ಪ್ರಕೃತಿ ಹೇಳಿದಳು.

ಮೂರು ಗಂಟೆಗೆ ಅವಳು ಕಟ್ಟೆಯ ಮೇಲೆ ಗೋಣಿಚೀಲ ಹಾಸಿಕೊಂಡು ಕೂತಿದ್ದಳು. ವೆಂಕಟಾಚಲನನ್ನೂ ಎಳೆದು ತಂದಿದ್ದರು. ಗೌರಮ್ಮ ಒಂದೊಂದೇ ಕ್ಯಾರಿಯರ್ ಬಿಚ್ಚಿ ತೋರಿಸಿದಳು. ಇದು ಉಂಡದ್ದು, ಇದು ಅರ್ಧ ಬಿಟ್ಟದ್ದು, ಇದು ಗಂಡ ಉಂಡದ್ದು.

"ಹಳೇ ಕಂಪನೀಲಿ ಇದಕ್ಕೊಂದು ಪದ್ಧತಿ ಇತ್ತು ಆಂಟಿ" ಎಂದಳು ಪ್ರಕೃತಿ. "ಒಂದು ಟೀಮ್ ಇನ್ನೊಂದು ಟೀಮ್‌ಗೆ ಡೇಟಾ ಕೊಡುತ್ತಲ್ಲ, ಅಂದ್ರೆ ನೀವು ನಂಗೆ ಕೊಡೋ ಈ ಹೌದು ಇಲ್ಲ ಥರದ್ದು, ಅದನ್ನ ಅಂಗಡಿಗೆ ಕಳಿಸೋ ಸಾಮಾನಿನ ಥರ ಕೊಡ್ಬೇಕು ಅಂತ. ಒಳಗೇನಿದೆ, ಯಾರು ಮಾಡಿದ್ದು, ಎಷ್ಟೊತ್ತಿಗೆ ಸಿಗುತ್ತೆ, ಕೆಟ್ರೆ ಯಾರನ್ನ ಕೇಳ್ಬೇಕು, ಎಲ್ಲ ಮೇಲೇ ಬರೆದಿರ್ಬೇಕು. ಎರಡೂ ಕಡೆಯವರು ಒಪ್ಕೊಂಡು ಸೈನ್ ಹಾಕ್ಬೇಕು. ಡೇಟಾ ಕಾಂಟ್ರ್ಯಾಕ್ಟ್ ಅಂತಿದ್ವಿ. ಇಲ್ಲಿ ಇರೋದೇ ಮೂರು ರೂಮು, ಇಲ್ಲಿಗೇನು ಬೇಕು ಅಂದ್ಕೊಂಡೆ."

"ಮೂರು ರೂಮಿಗೇ ಜಾಸ್ತಿ ಬೇಕು. ಗೋಡೆ ಮಧ್ಯೆ ಇರ್ತದಲ್ಲ" ಎಂದಳು ಗೌರಮ್ಮ. "ನೀನು ಒಂದು ಬಿಟ್ಟೆ ನೋಡು. ನಾನು ಕೊಟ್ಟಿದ್ದನ್ನ ತಗೊಂಡು ನೀನು ಏನ್ ಮಾಡ್ತೀಯ, ಅದನ್ನೂ ಬರಿ. ಊಟ ಇಳಿಸ್ತೀಯ ಅಂತ ಗೊತ್ತಿದ್ರೆ ನಾನು ಬೆಲ್ಲ ನೋಡಿ ಇಲ್ಲ ಅಂತಿದ್ನಾ?"

ಪ್ರಕೃತಿ ತಲೆಯೆತ್ತಿ ಅವಳನ್ನು ಒಂದು ಗಳಿಗೆ ನೋಡಿ, ಅದನ್ನು ಎಲ್ಲಕ್ಕಿಂತ ಮೇಲೆ ಬರೆದಳು.

ಮಿಕ್ಕದ್ದಕ್ಕೆ ಚೌಕಾಸಿ ನಡೆಯಿತು. 'ಖಾಲಿ' ಎನ್ನುವ ಪ್ರಶ್ನೆಯೇ ಬೇಡ ಎಂದು ಗೌರಮ್ಮ ಹಟ ಹಿಡಿದಳು; ಉಂಡಿದ್ದಾರೆ, ಅರ್ಧ ಬಿಟ್ಟಿದ್ದಾರೆ, ಮುಟ್ಟಿಲ್ಲ ಎಂದು ಮೂರು ಗುಂಡಿ ಬಂದವು. ತೊಳೆಯುವವರು ನಾಲ್ಕೂವರೆಯೊಳಗೆ ಒತ್ತಿ ಮುಗಿಸಬೇಕೆಂದು ಪ್ರಕೃತಿ ಕೇಳಿದಳು. "ಸೀನ ಮೂರಕ್ಕೆ ಬಂದ್ರೆ ನಾಲ್ಕೂವರೆ, ಲೇಟಾದ್ರೆ ಐದು" ಎಂದು ಗೌರಮ್ಮ ಸೇರಿಸಿದಳು. ಪ್ರಶ್ನೆ ಬದಲಾಯಿಸುವುದಿದ್ದರೆ ಮೂರು ದಿನ ಮೊದಲೇ ಕಟ್ಟೆಗೆ ಬಂದು ಹೇಳಬೇಕು.

ವೆಂಕಟಾಚಲ ಕಾಗದದ ಮೇಲೆ ಬಗ್ಗಿದ. "ನಂದೂ ಒಂದು ಬರಿಯಮ್ಮ" ಎಂದ. "ಯಾವ ಬಾಣಂತಿಗೂ ಕೇಳ್ದೆ ಒಂದು ಅಗುಳೂ ಇಳಿಸೋ ಹಾಗಿಲ್ಲ. ಇಳಿಸ್ಬೇಕು ಅಂತ ಸ್ಕ್ರೀನ್ ಹೇಳಿದ್ರೆ ಮೊದಲು ನೀನು ಫೋನ್ ಮಾಡು. ಅವರ ಬಾಯಿಂದ ಬಂದ್ಮೇಲೆ ನಾನು ಸೌಟು ಇಳಿಸ್ತೀನಿ."

"ಭಟ್ರೇ, ನಿಮಗೂ ತಲೆ ಐತೆ" ಎಂದಳು ಗೌರಮ್ಮ.

"ಇತ್ತು. ಬೆಳ್ಳುಳ್ಳಿ ಸುಲಿದು ಸುಲಿದು ಕಮ್ಮಿ ಆಗಿದೆ."

"ಇನ್ನೊಂದು ಗುಂಡಿ ಬೇಕು" ಎಂದು ಗೌರಮ್ಮ ಪ್ರಕೃತಿಯ ಕಡೆ ತಿರುಗಿದಳು. "ಏನೋ ಇಟ್ಟು ಕಳಿಸಿದ್ದಾರೆ ಅಂತ. ಬೆಲ್ಲ, ಸಕ್ಕರೆ, ಹೂವು."

"ಅದು ಯಾವುದಕ್ಕೆ ಉಪಯೋಗ ಆಗುತ್ತೆ ಆಂಟಿ? ಅದನ್ನ ಓದೋರು ಯಾರೂ ಇಲ್ವಲ್ಲ."

"ನೀನು ಓದು. ಇಷ್ಟು ಮನೆ ನಮಗೆ ಮರ್ಯಾದೆ ಕೊಟ್ಟವೆ ಅಂತ ನಿಂಗೆ ಗೊತ್ತಾಗ್ಲಿ."

ನಾಲ್ಕನೇ ಗುಂಡಿ ಬಂತು.

ಕೊನೆಗೆ ಸಹಿ. ತೊಳೆಯುವವರ ಪರವಾಗಿ, ಈ ಲೆಕ್ಕಕ್ಕೆ ಹೊಣೆ ಎಂದು ಬರೆದು ಪ್ರಕೃತಿ ಪೆನ್ನು ಚಾಚಿದಳು. ಗೌರಮ್ಮ ಕೈಯನ್ನು ಎರಡು ಸಲ ಒರೆಸಿಕೊಂಡಳು. ಅವಳು ಹಿಂದೆ ಸಹಿ ಮಾಡಿದ್ದು ಹೊಲ ಬಿಟ್ಟುಕೊಟ್ಟ ಕಾಗದಕ್ಕೆ. ಅವತ್ತು ಏನು ಬರೆದಿದೆ ಎಂದು ಯಾರೂ ಓದಿ ಹೇಳಿರಲಿಲ್ಲ. ಇಲ್ಲಿ, ಇಲ್ಲಿ, ಇಲ್ಲಿ ಎಂದು ಬೆರಳಿಟ್ಟು ತೋರಿಸಿದ್ದರಷ್ಟೆ. "ಮೊದ್ಲಿಂದ ಒಂದ್ಸಲ ಓದು" ಎಂದಳು. ಪ್ರಕೃತಿ ಓದಿದಳು. ಪೂರ್ತಿ ಕೇಳಿ, ಐದು ಗಂಟೆ ಎಂದು ಬರೆದಿರುವುದನ್ನು ಖಾತ್ರಿ ಮಾಡಿಕೊಂಡು, ಗೌರಮ್ಮ ನಿಧಾನವಾಗಿ ತನ್ನ ಹೆಸರು ಬರೆದಳು. ಕಾಗದಕ್ಕೆ ಪ್ಲಾಸ್ಟಿಕ್ ಹೊದಿಸಿ ಟ್ಯಾಬಿನ ಪಕ್ಕ ಅಂಟಿಸಿದರು.

ಎಲ್ಲ ಸರಿಹೋಯಿತು ಎಂದುಕೊಳ್ಳುವಾಗ ನಲವತ್ತೊಂದು ಬರಿದಾಗಿ ಬಂತು. ನಾಲ್ಕು ಡಬ್ಬಿ, ತೊಳೆದದ್ದು, ಒರೆಸಿದ್ದು. ಬೆಲ್ಲ ಇರಲಿಲ್ಲ. ಮರುದಿನವೂ ಇರಲಿಲ್ಲ. ಮೂರನೇ ದಿನ ಗೌರಮ್ಮ 'ಉಂಡಿದ್ದಾರೆ' ಒತ್ತಿ, ನಾಲ್ಕನೇ ಗುಂಡಿಯನ್ನು ನೋಡುತ್ತ ನಿಂತಳು. ಮನೆಯಲ್ಲಿ ಬೆಲ್ಲ ತೀರಿತೆ? ಹುಷಾರಿಲ್ಲವೆ? ಈಗ ಎರಡನೇ ಸಲ ಕೇಳದೆ ಇರುವ ಹೆಂಗಸು ಅವಳಾಗಿರಲಿಲ್ಲ. ಸೀನುವಿನ ಫೋನಿನಿಂದ ಅಲ್ಲಿಂದಲೇ ಕರೆ ಮಾಡಿಸಿದಳು.

"ಚೆನ್ನಾಗಿದೀನಿ ಆಂಟಿ" ಎಂದಳು ಶುಭಾ. ಹಿಂದೆ ಮಗು ಹೂಂಗುಟ್ಟುವ ಸದ್ದು. "ಬೆಲ್ಲ ಇಟ್ರೆ ನಿಮಗೆ ಅಲ್ಲಿ ತೊಂದ್ರೆ ಆಗುತ್ತೇನೋ ಅಂತ... ಮತ್ತೆ ಊಟ ಕಮ್ಮಿ ಆಗಿಬಿಟ್ರೆ ಅಂತ ಭಯಾನೂ ಆಯ್ತು."

ಗೌರಮ್ಮ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಕೇಳಿಲ್ಲಿ ಮಗಳೆ. ತಪ್ಪು ಬೆಲ್ಲದ್ದಲ್ಲ. ನಿಮ್ಮಮ್ಮ ಹೇಳಿಕೊಟ್ಟಿದ್ದನ್ನ ನಮ್ಮ ಮಿಶಿನಿಗೋಸ್ಕರ ಬಿಡಬೇಡ. ನಿನ್ನ ಬೆಲ್ಲಕ್ಕೆ ಇಲ್ಲಿ ಬೇರೇನೇ ಒಂದು ಜಾಗ ಮಾಡಿದೀವಿ. ಕಾಗದದ ಮೇಲೆ ಬರೆದು ಸೈನ್ ಹಾಕಿದೀನಿ. ಮೂರು ದಿನದಿಂದ ಆ ಜಾಗ ನೋಡಿದ್ರೆ ಮನಸ್ಸಿಗೆ ಒಂಥರ ಆಗ್ತದೆ."

ಆ ಕಡೆ ಮೂಗೊರೆಸಿಕೊಂಡ ಸದ್ದು. "ಆಯ್ತು ಆಂಟಿ."

ಮಾರನೆಯ ದಿನ ಬೆಲ್ಲ ಬಂತು. ಅದರ ಮಾರನೆಯ ದಿನವೂ ಬಂತು. ಎರಡು ವಾರ ಕಳೆದ ಮೇಲೆ ಒಂದು ಸೋಮವಾರ, ನಲವತ್ತೊಂದರ ಮೇಲಿನ ಡಬ್ಬಿಯಲ್ಲಿ ಬೆಲ್ಲದ ಕೆಳಗೆ ಮಡಿಸಿದ ಒಂದು ಚೀಟಿಯಿತ್ತು, ಎಣ್ಣೆ ತಾಗದ ಹಾಗೆ ಪ್ಲಾಸ್ಟಿಕ್ ಕವರಿನಲ್ಲಿ. ಕ್ಲಿನಿಕ್ಕಿನಲ್ಲಿ ಮಗುವಿನ ತೂಕ ಬರೆದುಕೊಟ್ಟ ಚೀಟಿ. ಮೂರು ಕೆ.ಜಿ. ಆರುನೂರು. ಪಕ್ಕದಲ್ಲಿ ಪೆನ್ನಿನಿಂದ ಶುಭಾಳ ಅಕ್ಷರ: ತೊಡೆಯಲ್ಲಿ ಮಡಿಕೆ ಬಿದ್ದಿದೆ ಆಂಟಿ.

ಗೌರಮ್ಮ ಆ ಸಾಲನ್ನು ಎರಡು ಸಲ ಓದಿದಳು. ಅವತ್ತು ಅವಳು ಬಾಯಿ ಬಿಟ್ಟಿರಲಿಲ್ಲ. ಕಣ್ಣು ಎಲ್ಲಿ ನಿಂತಿತ್ತೆಂದು ಆ ಹುಡುಗಿ ನೋಡಿದ್ದಳು.

'ಉಂಡಿದ್ದಾರೆ' ಒತ್ತಿದಳು. 'ಏನೋ ಇಟ್ಟು ಕಳಿಸಿದ್ದಾರೆ' ಒತ್ತಿದಳು. ಆಮೇಲೆ ಚೀಟಿ ಹಿಡಿದು ಒಳಗೆ ಕೂಗಿದಳು. ಕಿಟಕಿ ಇಲ್ಲದಿದ್ದರೂ ಆ ದನಿಗೆ ಗೋಡೆ ಲೆಕ್ಕವಿರಲಿಲ್ಲ. "ಪ್ರಕೃತೀ, ಇದಕ್ಕೆ ಯಾವ ಗುಂಡಿ ಒತ್ಲಿ?"

ಪ್ರಕೃತಿ ಬಂದು ಓದಿದಳು.

"ಏನೂ ಒತ್ತಬೇಡಿ ಆಂಟಿ. ಕೊಡಿ ಇಲ್ಲಿ."

ಚೀಟಿಯನ್ನು ಗೋಡೆಯ ಮೇಲಿನ ಒಪ್ಪಂದದ ಕಾಗದದ ಪಕ್ಕದಲ್ಲಿ, ಗೌರಮ್ಮನ ಸಹಿಗೆ ತಾಗುವ ಹಾಗೆ ಅಂಟಿಸಿದಳು. ಗೌರಮ್ಮ ಬೆಲ್ಲ ಒಡೆದಳು. ಅವತ್ತು ನಾಲ್ಕು ಚೂರು ಸಾಲಲಿಲ್ಲ. ಪ್ರಕೃತಿಗೆ, ವೆಂಕಟಾಚಲನಿಗೆ, ಗಾಡಿಯ ಹತ್ತಿರ ಕೈ ಚಾಚಿ ನಿಂತಿದ್ದ ಸೀನುವಿಗೆ ಎಂದು ಏಳು ಮಾಡಬೇಕಾಯಿತು. ಒಬ್ಬೊಬ್ಬರಿಗೆ ಸಿಕ್ಕಿದ್ದು ಸಾಸಿವೆಯಷ್ಟು. ಅದನ್ನು ನಾಲಿಗೆಯ ಮೇಲಿಟ್ಟುಕೊಂಡು, ಗೌರಮ್ಮ ನಲವತ್ತೆರಡನೇ ಕ್ಯಾರಿಯರ್‌ನ ಮುಚ್ಚಳಕ್ಕೆ ಕೈ ಹಾಕಿದಳು.